ಮಣ್ಣಿನ ಹದ ಕಾಯುವವರು

ಬೇಸ್‌ಬಾಲ್ ಆಟವು ಅಮೆರಿಕದ ಜನಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೋ, ಆ ಆಟಕ್ಕೆ ಆಧಾರವಾದ ನೆಲವನ್ನು ಪೋಷಿಸುವ ವಿದ್ಯೆಯೂ ಅಲ್ಲಿ ಅಷ್ಟೇ ಶ್ರದ್ಧೆಯಿಂದ ಬೆಳೆದುಬಂದಿದೆ. ದೊಡ್ಡ ಕ್ರೀಡಾಂಗಣಗಳಲ್ಲೆಲ್ಲ ಮೈದಾನಪಾಲಕರ ಪಡೆಯೊಂದು ಉಂಟು. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ನೆಲವನ್ನು ಸಮಮಾಡುವುದು ಅವರ ನಿತ್ಯವಿಧಿ. ಆದರೆ ಆಟದ ನಡುವೆ ಮಳೆಯಿಳಿದು, ಆಟಗಾರರೂ ಪ್ರೇಕ್ಷಕರೂ ಮಾಡಿನ ಆಸರೆಗೆ ಸರಿಯುವ ಹೊತ್ತಿನಲ್ಲಿ ಬಯಲಿಗೆ ಓಡಿಬರುವ ಈ ಪಡೆಯ ಕೌಶಲಕ್ಕೆ ನಿಜವಾದ ಪರೀಕ್ಷೆ ಒದಗುತ್ತದೆ.

ಆಟದ ಕೇಂದ್ರವಾದ ಇನ್‌ಫೀಲ್ಡ್ ಎಂಬುದು ಒಂದೊಂದು ಬದಿಯೂ 90 ಅಡಿಯಿರುವ ಚೌಕ. ನಾಲ್ಕು ಮೂಲೆಗಳಲ್ಲಿ ಬೇಸ್‌ಗಳು, ನಡುವೆ 10 ಅಂಗುಲ ಎತ್ತರದ ದಿಬ್ಬ, ಅದರ ಮೇಲೆ ಚೆಂಡೆಸೆಯುವ ಪಿಚರ್. ಇನ್‌ಫೀಲ್ಡಿನಾಚೆಯ ಬಯಲಾದ ಔಟ್‌ಫೀಲ್ಡಿನ ಹುಲ್ಲಿನ ಕೆಳಗೆ ಮರಳಿನ ಹಾಸೂ ಅದರಡಿಯಲ್ಲಿ ರಂಧ್ರವುಳ್ಳ ಕೊಳವೆಗಳೂ ಇರುವುದರಿಂದ ಅಲ್ಲಿ ಬಿದ್ದ ನೀರು ಬೇಗನೆ ಇಂಗಿಹೋಗುತ್ತದೆ. ಬೇಸ್‌ಗಳ ನಡುವಣ ಓಟದ ಹಾದಿಯಾದರೋ ಮರಳು, ಮೆಕ್ಕಲು, ಜೇಡಿಗಳ ಮಿಶ್ರಣ. ಓಡುವವನ ಪಾದಕ್ಕೆ ಹಿಡಿತ ಕೊಡುವ ಜೇಡಿಯ ಅಂಟುಗುಣವೇ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆಯಾದುದರಿಂದ, ಮಳೆಯಲ್ಲಿ ಮೊದಲು ಕೆಡುವುದು ಈ ಭಾಗ. ಬಿಸಿಲಿಗೆ ಅದು ಒಣಗಿ ಗಡುಸಾಗಬಾರದೆಂದು ಆಟಕ್ಕೆ ಮುನ್ನ ನೀರುಣಿಸಿದ ಕೈಗಳೇ, ಮೋಡ ಕವಿದಾಗ ಅದನ್ನು ನೀರಿನಿಂದ ಕಾಯಲು ಧಾವಿಸಬೇಕು. ಬಿತ್ತನೆಗೆ ಮುನ್ನ ಹಿಡಿ ಮಣ್ಣನ್ನು ಹಿಸುಕಿ ನೋಡುವ ರೈತನಂತೆ, ಎಷ್ಟು ತೇವ ಸಾಕು, ಎಷ್ಟು ಹೆಚ್ಚು ಎಂಬುದನ್ನು ಇವರು ಅಂಗೈಯಲ್ಲೂ ಅಂಗಾಲಲ್ಲೂ ಅರಿತಿರಬೇಕು.

ಮೈದಾನದ ಅಂಚಿನಲ್ಲಿ ಭಾರಿ ಉರುಳೆಗೆ ಸುತ್ತಿಟ್ಟ ಟಾರ್ಪಾಲು ಸುಮಾರು 170 ಅಡಿ ಉದ್ದಗಲವುಳ್ಳದ್ದು. ಒಣಗಿದ್ದಾಗಲೇ ಅರ್ಧ ಟನ್ನಿಗೂ ಮಿಗಿಲಾದ ಭಾರ. ಅಂಪೈರನ ಸನ್ನೆಯಾಗುತ್ತಲೇ ಕೆಲವರು ಉರುಳೆಯನ್ನು ನೂಕಿ ಬಿಡಿಸುತ್ತಾರೆ. ಉಳಿದವರು ಸಾಲಾಗಿ ಅಂಚು ಹಿಡಿದು, ಗಾಳಿ ಒಳನುಗ್ಗದಂತೆ ಅದನ್ನು ನೆಲಮಟ್ಟಕ್ಕೆ ತಗ್ಗಿಸಿಕೊಂಡು ಓಡುತ್ತಾರೆ. ಗಾಳಿಯೇನಾದರೂ ಅಡಿಗೆ ಹೊಕ್ಕಿತೆಂದರೆ ಆ ಹಾಸು ಮೇಲೆದ್ದು, ಹಿಡಿದವರನ್ನೇ ಎಳೆದು ಕೆಡವಬಲ್ಲುದು. ಆದುದರಿಂದ ಹಾಸಿದೊಡನೆ ಅಂಚಿನುದ್ದಕ್ಕೂ ಮರಳಿನ ಚೀಲಗಳನ್ನು ಹೇರುತ್ತಾರೆ.

ಹೊದಿಸುವುದಕ್ಕಿಂತ ತೆಗೆಯುವುದು ಸೂಕ್ಷ್ಮತರವಾದ ಕಾರ್ಯ. ಮೇಲೆ ನಿಂತ ನೀರು ಕಾಪಾಡಿದ ಮಣ್ಣಿನ ಮೇಲೆಯೇ ಸುರಿಯದಂತೆ ಟಾರ್ಪಾಲನ್ನು ಮಡಿಸಿ, ಔಟ್‌ಫೀಲ್ಡಿನ ಹುಲ್ಲಿನತ್ತ ಎಳೆದು, ಅಲ್ಲಿ ನೀರನ್ನು ಚೆಲ್ಲುತ್ತಾರೆ. ಅಷ್ಟಾದರೂ ಎಲ್ಲಿಯಾದರೂ ನೀರು ನಿಂತರೆ ಪೊರಕೆಯಿಂದ ಗುಡಿಸಿಬಿಡುವುದಿಲ್ಲ, ಏಕೆಂದರೆ ಗುಡಿಸಿದ ನೀರಿನೊಡನೆ ಮಣ್ಣೂ ಹೋಗಿ ಅಲ್ಲೊಂದು ತಗ್ಗು ಉಳಿಯುತ್ತದೆ. ಸ್ಪಂಜಿನಿಂದಲೋ ಪಂಪಿನಿಂದಲೋ ನೀರನ್ನು ಹೀರಿ, ಉರಿಯಲ್ಲಿ ಸುಟ್ಟು ಹರಳುಗಟ್ಟಿಸಿದ ಜೇಡಿಮಣ್ಣಿನ ಪುಡಿಯನ್ನು ಎರಚಿ, ಅದು ತೇವವನ್ನು ಕುಡಿಯುವವರೆಗೆ ಕಾದು, ಕುಂಟೆಯ ಹಲ್ಲಿನಿಂದ ಮೆಲ್ಲನೆ ಕೆದಕಿ ನೆಲವನ್ನು ಮತ್ತೆ ಸಡಿಲಗೊಳಿಸುತ್ತಾರೆ. ಕೊನೆಗೆ, ಅಳಿಸಿಹೋದ ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ.

ಇಷ್ಟೆಲ್ಲಕ್ಕೂ ಮೂಲವಾದದ್ದು ಕಾಲನಿರ್ಣಯ. ನಡೆಯುತ್ತಿರುವ ಆಟವನ್ನು ನಿಲ್ಲಿಸುವ ಅಧಿಕಾರ ಅಂಪೈರನದು. ನಿಲ್ಲಿಸಿದ ಮೇಲೆ 30 ನಿಮಿಷವಾದರೂ ಕಾಯದೆ ಆಟ ಮುಗಿಯಿತೆಂದು ಸಾರುವಂತಿಲ್ಲವೆಂದು ನಿಯಮವುಂಟು. ಆದರೆ ನೆಲ ಇನ್ನೆಷ್ಟು ಮಳೆಯನ್ನು ತಾಳಬಲ್ಲುದು ಎಂಬುದನ್ನು ಬಲ್ಲವನು ಮೈದಾನಪಾಲಕರ ಮುಖ್ಯಸ್ಥ. ತಡವಾಗಿ ಹೊದಿಸಿದರೆ ಕೆಸರೇ ಹೊದಿಕೆಯೊಳಗೆ ಸೆರೆಯಾಗುತ್ತದೆ. ಬಿಸಿಲು ಬಂದಮೇಲೂ ತೆಗೆಯದಿದ್ದರೆ ಒಳಗಿನ ಹುಲ್ಲು ಶಾಖಕ್ಕೆ ಬೇಯುತ್ತದೆ.

ಇಂಥ ಅರಿವು ಕೆಲವೆಡೆ ವಂಶಪಾರಂಪರ್ಯವಾಗಿಯೂ ಹರಿದುಬಂದಿದೆ. ಕ್ಲೀವ್‌ಲೆಂಡಿನ ಮೈದಾನಪಾಲಕನಾಗಿ ಖ್ಯಾತನಾದ ಎಮಿಲ್ ಬೊಸಾರ್ಡನ ವೃತ್ತಿಯನ್ನು ಮಗ ಜೀನ್, ಮೊಮ್ಮಗ ರೋಜರ್ ಷಿಕಾಗೋದ ವೈಟ್ ಸಾಕ್ಸ್ ತಂಡದಲ್ಲಿ ಮುಂದುವರಿಸಿದರು. ಅದೇ ಕ್ಲೀವ್‌ಲೆಂಡಿನಲ್ಲಿ ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸಿನ 2016ರ ನಿರ್ಣಾಯಕವಾದ ಏಳನೆಯ ಆಟ, 9 ಇನ್ನಿಂಗ್ಸ್ ಮುಗಿದಾಗ 6–6ರಲ್ಲಿ ಸಮನಾಗಿ ನಿಂತು, ಮಳೆಯಿಂದ ತಡೆಗೊಂಡಿತು. 17 ನಿಮಿಷಗಳ ಬಳಿಕ ಆಟ ಪುನರಾರಂಭವಾಗಿ, ಷಿಕಾಗೋ ಕಬ್ಸ್ ತಂಡ 8–7ರಿಂದ ಗೆದ್ದು, 1908ರ ಅನಂತರ ಮೊದಲ ಬಾರಿಗೆ ಕಿರೀಟ ಧರಿಸಿತು. ಆ ಅಲ್ಪಾವಧಿಯಲ್ಲಿ ನೆಲ ಕೆಡದೆ ಉಳಿದುದರಿಂದಲೇ ಅಂಥ ಆಟಕ್ಕೆ ತಕ್ಕ ಮುಕ್ತಾಯ ದೊರೆಯಿತು. ಎಲ್ಲ ಮಳೆಯೂ ಹಾಗೆ ಮಣಿಯುವುದಿಲ್ಲ. 2008ರಲ್ಲಿ ಫಿಲಡೆಲ್ಫಿಯಾದಲ್ಲಿ ವರ್ಲ್ಡ್ ಸೀರೀಸಿನ ಐದನೆಯ ಆಟ ಅಕ್ಟೋಬರ್ 27ರಂದು ಅರ್ಧಕ್ಕೆ ನಿಂತು, 29ರಂದು ಮುಗಿಯಿತು.

ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದಲ್ಲಿ 2017ರಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆಯೂ ಅಮೆರಿಕದ ಗಾಲ್ಫ್ ಮೈದಾನದಿಂದ ಬಂದುದೇ. ಹುಲ್ಲಿನಡಿಯ ನೀರನ್ನು ಅದು ಯಂತ್ರಬಲದಿಂದ ಹೀರಿ ತೆಗೆಯುತ್ತದೆ. ಆದರೂ ಜೇಡಿಮಣ್ಣಿನ ಪಿಚ್ಚನ್ನು ಅಲ್ಲಿಯೂ ಸಿಬ್ಬಂದಿಯೇ ಓಡಿಬಂದು ಮುಚ್ಚಬೇಕು. ಬೀಳುವವನ ಕಣಕಾಲು ಮುರಿಯದಂತೆ, ಎರಡು ತಂಡಗಳಿಗೂ ಒಂದೇ ನೆಲ ದೊರೆಯುವಂತೆ ನೋಡಿಕೊಳ್ಳುವ ಈ ಹೊಣೆ ಅಂಪೈರನ ನ್ಯಾಯನಿರ್ಣಯಕ್ಕೆ ಸಮಾನವಾದದ್ದು. ಅವನಿಗೆ ಸಲ್ಲುವ ಗೌರವ ಇವರಿಗೂ ಸಲ್ಲತಕ್ಕದ್ದು.