ಕತ್ತಿನ ಹಳೆಯ ಗಡ್ಡೆ ದಿಢೀರನೆ ಬೆಳೆದರೆ

ಕತ್ತಿನಲ್ಲೊಂದು ಗಡ್ಡೆ ಇಟ್ಟುಕೊಂಡೇ ವರ್ಷಗಟ್ಟಲೆ ಬದುಕುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ‘ಇಪ್ಪತ್ತು ವರ್ಷದಿಂದ ಇದೆ, ಏನೂ ಮಾಡಿಲ್ಲ’ ಎನ್ನುತ್ತಾರೆ. ಹೆಚ್ಚಾಗಿ ಅದು ನಿಜವೇ. ಥೈರಾಯ್ಡ್ ಗ್ರಂಥಿಯ ಗಡ್ಡೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೂ ಬಹುಪಾಲು ನಿಧಾನವಾಗಿ ಬೆಳೆಯುವಂಥದ್ದು, ಚಿಕಿತ್ಸೆಗೆ ಬಗ್ಗುವಂಥದ್ದು.

ಇದೇ ಗ್ರಂಥಿಯಲ್ಲಿ ಬರುವ ‘ಅನಾಪ್ಲಾಸ್ಟಿಕ್’ ಎಂಬ ಕ್ಯಾನ್ಸರಿನ ಸ್ವಭಾವ ಮಾತ್ರ ಬೇರೆ. ಅದು ಎಷ್ಟು ಅಪರೂಪ ಎಂದರೆ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಥೈರಾಯ್ಡ್ ಕ್ಯಾನ್ಸರ್ ಬಂದ ನೂರು ಜನರಲ್ಲೂ ಒಬ್ಬಿಬ್ಬರಿಗಷ್ಟೇ. ಆದರೆ ಥೈರಾಯ್ಡ್ ಕ್ಯಾನ್ಸರಿನ ಸಾವುಗಳಲ್ಲಿ ಇದರ ಪಾಲು ಹಲವು ಪಟ್ಟು ಹೆಚ್ಚು. ಪತ್ತೆಯಾದ ದಿನವೇ ವೈದ್ಯರು ಇದನ್ನು ನಾಲ್ಕನೇ ಹಂತಕ್ಕೆ ಸೇರಿಸುತ್ತಾರೆ, ಗಡ್ಡೆ ಎಷ್ಟೇ ಚಿಕ್ಕದಿರಲಿ.

ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ, ಗಂಡಸರಿಗಿಂತ ಹೆಂಗಸರಿಗೆ ತುಸು ಹೆಚ್ಚಾಗಿ ಇದು ಬರುತ್ತದೆ. ಅನೇಕರಲ್ಲಿ ಮೊದಲೇ ಗಳಗಂಡವೋ ಹಳೆಯ ಥೈರಾಯ್ಡ್ ಕ್ಯಾನ್ಸರೋ ಇದ್ದಿರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಗಡ್ಡೆ ಕೆಲವೇ ವಾರಗಳಲ್ಲಿ ದೊಡ್ಡದಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ದನಿ ಒಡೆಯುತ್ತದೆ, ಅನ್ನ ನುಂಗಲು ಕಷ್ಟ, ಮಲಗಿದರೆ ಉಸಿರು ಕಟ್ಟಿದಂತೆ. ದುಪಟ್ಟಾದ ಮರೆಯಲ್ಲಿರುವ ಗಡ್ಡೆ ಮನೆಯವರ ಕಣ್ಣಿಗೆ ಬೀಳದೆಯೂ ಹೋಗಬಹುದು. ದನಿ ಬದಲಾದದ್ದು ಕಿವಿಗೆ ಬಿದ್ದೇ ಬೀಳುತ್ತದೆ. ‘ರಂಝಾನ್ ಕಳೆಯಲಿ, ಮಗಳ ಮದುವೆ ಮುಗಿಯಲಿ’ ಎಂದು ಮುಂದೂಡುವುದು ನಮ್ಮಲ್ಲಿ ರೂಢಿ. ಈ ಕಾಯಿಲೆಯಲ್ಲಿ ಅಷ್ಟು ಸಮಯ ಇರುವುದಿಲ್ಲ. ಉಸಿರಾಟಕ್ಕೆ ತೊಂದರೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆವು. ಬೇರೆ ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ವಿಕಿರಣಶೀಲ ಅಯೋಡಿನ್ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಈ ಜೀವಕೋಶಗಳು ಅಯೋಡಿನ್ ಹೀರುವ ಗುಣವನ್ನೇ ಕಳೆದುಕೊಂಡಿರುತ್ತವೆ. ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆ, ಜೊತೆಗೆ ರೇಡಿಯೇಷನ್, ಕಿಮೋಥೆರಪಿ. ಇಷ್ಟಾದರೂ ಹಿಂದೆಲ್ಲ ಅರ್ಧದಷ್ಟು ರೋಗಿಗಳು ಆರು ತಿಂಗಳೂ ಬದುಕುತ್ತಿರಲಿಲ್ಲ. ಈಗ ಒಂದು ದಾರಿ ತೆರೆದಿದೆ. ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನಿನ ನಿರ್ದಿಷ್ಟ ಬದಲಾವಣೆ ಇರುವವರಿಗೆ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಡಲು ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಲ್ಲಿ ಗಡ್ಡೆ ಗಮನಾರ್ಹವಾಗಿ ಕುಗ್ಗಿದೆ. ಬಯಾಪ್ಸಿ ಮಾಡುವಾಗಲೇ ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಇನ್ನೊಂದು ಮಾತು, ಹೇಳಲು ಕಷ್ಟವೇ. ಉಸಿರುದಾರಿ ಮುಚ್ಚಿಕೊಂಡರೆ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ಮಧ್ಯರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಗಂಡುಮಕ್ಕಳು ಅದನ್ನು ತೀರ್ಮಾನಿಸುವುದಕ್ಕಿಂತ, ರೋಗಿಗೆ ಮಾತನಾಡಲು ಆಗುವಾಗಲೇ ಅವರನ್ನೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.