ತಾರಮಂಗಲದ ಕೆರೆ ಏರಿಯ ಮೇಲೆ ದಿನಕ್ಕೊಂದು ಗಂಟೆ

"ಕೆಲಸವಿಲ್ಲದೆ ಊರು ಸುತ್ತುವುದು ಅನರ್ಥದಂಡವಲ್ಲವೇನಪ್ಪಾ?"

ನಮ್ಮ ದೊಡ್ಡಮ್ಮನವರು ಈ ಪ್ರಶ್ನೆ ಕೇಳಿದ್ದು ಒಂದು ಬೆಳಿಗ್ಗೆ, ನಾವು ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಾಲು ತೊಳೆದು ಒಳಗೆ ಬರುತ್ತಿದ್ದಾಗ. ಅವರಿಗೆ ಎಂಬತ್ತು ದಾಟಿದೆ. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದವರು. ಗದರಿಸಿ ಕೇಳಿದ ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ಆ ಕ್ಷಣಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಕ್ಕು ಸ್ನಾನಕ್ಕೆ ಹೋದೆವು. ಆದರೆ ಆ ಮಾತು ಅಂದು ಅಂಗಡಿಯ ಗಾದಿಯ ಮೇಲೂ ನಮ್ಮ ಪಕ್ಕದಲ್ಲೇ ಕುಳಿತಿತ್ತು. ಉತ್ತರ ಹುಡುಕುತ್ತಾ ಕಳೆದ ದಿನಗಳ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗಾದಿಯಿಂದ ಸೀಟಿಗೆ

ವ್ಯಾಪಾರಸ್ಥರ ದಿನಚರಿ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಬಾಗಿಲು ತೆಗೆದು ಕುಳಿತರೆ ರಾತ್ರಿ ಲೆಕ್ಕ ಮುಗಿಯುವವರೆಗೆ ಕುಳಿತೇ ಇರುವುದು. ಬಟ್ಟೆಯ ಗಂಟು ಇಳಿಸಲು ಹುಡುಗರಿದ್ದಾರೆ, ಬ್ಯಾಂಕಿಗೆ ಹೋಗಲು ಸ್ಕೂಟರ್ ಇದೆ, ಮನೆಗೆ ಹೋಗಲು ಕಾರಿದೆ. ಐವತ್ತು ತುಂಬುವ ಹೊತ್ತಿಗೆ ನಮಗೂ ಸಕ್ಕರೆ ಕಾಯಿಲೆ ಬಂತು. ಮಾತ್ರೆ ಬರೆದುಕೊಟ್ಟ ವೈದ್ಯರು, "ನಾಲಿಗೆಯಲ್ಲಿ ನೀವು ಸಂಯಮಿಗಳೇ. ಕಾಲಿಗೆ ಮಾತ್ರ ಪೂರ್ತಿ ಉಪವಾಸ ಹಾಕಿಬಿಟ್ಟಿದ್ದೀರಿ" ಎಂದರು.

ನಡಿಗೆ ಆರಂಭಿಸಿದೆವು. ಮಂಡಿ ಒಪ್ಪಲಿಲ್ಲ. ದೇಹದ ಭಾರ ಸೀಟಿನ ಮೇಲೆ ಬೀಳುವುದರಿಂದ ಮಂಡಿಗೆ ಸೈಕಲ್ ಹಗುರ ಎಂದು ಅದೇ ವೈದ್ಯರು ಹೇಳಿದರು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಕೊಟ್ಟಿದೆ. ದಿನಕ್ಕೊಂದು ಗಂಟೆಯಂತೆ ವಾರಕ್ಕೆ ಐದು ದಿನ ಸೈಕಲ್ ತುಳಿದರೆ ಆ ಲೆಕ್ಕ ಸರಿಹೋಗುತ್ತದೆ. ದುಡಿಯುವ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಂಡು ಉರಿಸುತ್ತದೆ. ಗಾದಿಯ ಮೇಲೆ ಕುಳಿತವನಲ್ಲಿ ಅದು ಕೊಳ್ಳುವವರಿಲ್ಲದ ಸರಕಿನಂತೆ ರಕ್ತದಲ್ಲೇ ನಿಲ್ಲುತ್ತದೆ.

ಉಗ್ರಾಣದಲ್ಲಿ ತಂದೆಯವರ ಕಾಲದ ಸೈಕಲ್ ಇತ್ತು. ಹಿಂದೆ ದಪ್ಪ ಕ್ಯಾರಿಯರ್, ಮುಂದೆ ಡೈನಮೋ ದೀಪ. ಹೊಸ ಟಯರು, ಟ್ಯೂಬು, ಬ್ರೇಕಿನ ರಬ್ಬರು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೆವು. ಮೊದಲ ದಿನ ಮೂರು ಕಿಲೋಮೀಟರಿಗೆ ಉಸಿರು ಕಟ್ಟಿತು. ಮೂರನೆಯ ತಿಂಗಳಿಗೆ ಓಮಲೂರಿಗೆ ಹೋಗಿ ಬರುವಷ್ಟಾಯಿತು.

ನಮ್ಮ ಸೈಕಲ್ ದಾರಿಗಳು

2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದೇ ಪಥ ಬಿಟ್ಟ ಸುದ್ದಿ ಬಂದಿತ್ತು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ಯೋಜನೆ ಆರಂಭವಾಯಿತು. ತಾರಮಂಗಲದಲ್ಲಿ ಅಂಥದ್ದೇನೂ ಇಲ್ಲ. ಕೆರೆಯ ಏರಿ, ಹೊಲಗಳ ನಡುವಿನ ಬಂಡಿದಾರಿ, ಮಗ್ಗದ ಬೀದಿ ಇವೇ ನಮ್ಮ ಸೈಕಲ್ ಪಥಗಳು.

ಬೆಳಗಿನ ಜಾವ ಮಗ್ಗದ ಬೀದಿಗೆ ಹೊಕ್ಕರೆ ಲಾಳಿಯ ಸದ್ದು ಎರಡೂ ಕಡೆಯಿಂದ ಕೇಳುತ್ತದೆ. ಸೇಲಂ ಸೀಮೆಯ ನೇಕಾರರಲ್ಲಿ ದೇವಾಂಗದವರು ಬಹಳ. ಅವರ ಮನೆಮಾತು ಕನ್ನಡ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬ್ರಿಟಿಷರ ಕೈಗೆ ಹೋಗುವವರೆಗೆ ಈ ಸೀಮೆ ಮೈಸೂರಿಗೆ ಸೇರಿತ್ತು. ಒಮ್ಮೆ ಚೈನು ಕಳಚಿ ಬೀದಿಯಲ್ಲಿ ನಿಂತಿದ್ದಾಗ ಜಗಲಿಯಿಂದ ಮುದುಕರೊಬ್ಬರು, "ಏನಣ್ಣಾ, ಬಂಡಿ ಕೆಟ್ಟೋಯ್ತಾ?" ಎಂದು ಕನ್ನಡದಲ್ಲೇ ಕೇಳಿ, ಕೈ ಒರೆಸಿಕೊಳ್ಳಲು ನೂಲಿನ ಚೂರು ತಂದುಕೊಟ್ಟರು. ಅದೇ ಬೀದಿಯಲ್ಲಿ ವರ್ಷಗಳಿಂದ ಕಾರಿನಲ್ಲಿ ಹೋಗಿ ಬಂದಿದ್ದೇವೆ. ಯಾರೂ ಮಾತಾಡಿಸಿರಲಿಲ್ಲ.

ಊರ ನಡುವೆ ಗೆಟ್ಟಿ ಮುದಲಿ ಪಾಳೆಯಗಾರರ ಕಾಲದ ಕೈಲಾಸನಾಥ ದೇವಾಲಯವಿದೆ. ಅಲ್ಲಿಯ ಕಲ್ಲಿನ ಕೆತ್ತನೆ ನಾಡಿಗೆಲ್ಲ ಹೆಸರಾದದ್ದು. ರಾಮನ ಶಿಲ್ಪದ ಬಳಿ ನಿಂತರೆ ವಾಲಿ ಕಾಣುತ್ತಾನೆ, ವಾಲಿಯ ಬಳಿ ನಿಂತರೆ ರಾಮ ಕಾಣುವುದಿಲ್ಲ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಕಾಣುವುದೂ ಬೇರೆಯಾಗುತ್ತದೆ. ಅನೇಕಾಂತವನ್ನು ಕೇಳಿ ಬೆಳೆದ ನಮಗೆ ಈ ಕಲ್ಲಿನ ಪಾಠ ಹೊಸದಲ್ಲ, ಆದರೂ ಪ್ರತಿ ಸಲ ನಿಂತು ನೋಡುತ್ತೇವೆ.

ಊರು ದಾಟಿದರೆ ಮರಗೆಣಸಿನ ಹೊಲಗಳು, ಸಾಬೂದಾನಿಯ ಕಾರ್ಖಾನೆಗಳು. ಅಂಗಳದಲ್ಲಿ ಬಿಳಿ ಕಾಳನ್ನು ಹರಡಿ ಒಣಗಿಸುತ್ತಾರೆ, ಗೆಣಸಿನ ಹುಳಿವಾಸನೆ ದೂರದಿಂದಲೇ ಬರುತ್ತದೆ. ವ್ರತದ ದಿನ ಸಾಬೂದಾನಿ ತಿನ್ನುವ ನಮ್ಮ ಮನೆಗಳ ಮಕ್ಕಳು ಇದನ್ನು ಒಮ್ಮೆ ನೋಡಬೇಕು. ಅದು ಮರದಲ್ಲಿ ಬೆಳೆಯುವ ಕಾಳಲ್ಲ, ನೆಲದಡಿಯ ಗೆಡ್ಡೆಯ ಹಿಟ್ಟು. ಕಂದಮೂಲವೆಂದು ಅದನ್ನು ಬಿಟ್ಟವರೂ ನಮ್ಮಲ್ಲಿದ್ದಾರೆ. ನಮ್ಮ ದೊಡ್ಡಮ್ಮ ಅವರಲ್ಲೊಬ್ಬರು.

ಮುಂದೆ ಕೆರೆಯ ಏರಿ. ಶೇವರಾಯನ್ ಬೆಟ್ಟದಲ್ಲಿ ಹುಟ್ಟಿ ಕಾವೇರಿಗೆ ಸೇರುವ ಸರಬಂಗಾ ನದಿ ವರ್ಷದ ಬಹುಭಾಗ ಒಣಗಿರುತ್ತದೆ. ಈ ಕಡೆಯ ಕೆರೆಗಳೂ ಹಾಗೆಯೇ ಒಣಗಿ ಬೀಳುತ್ತಿದ್ದವು. ಮೆಟ್ಟೂರು ಅಣೆಕಟ್ಟಿನ ಹೆಚ್ಚುವರಿ ನೀರನ್ನು ಏತದಿಂದ ಎತ್ತಿ ಸೇಲಂ ಜಿಲ್ಲೆಯ 100 ಕೆರೆಗಳಿಗೆ ತುಂಬಿಸುವ ಯೋಜನೆಯ ಮೊದಲ ಹಂತ 2021ರಲ್ಲಿ ಆರಂಭವಾಯಿತು. ಏರಿಯ ಮೇಲೆ ಸೀಮೆಜಾಲಿಯ ಮುಳ್ಳಿಗೆ ಕೊರತೆಯಿಲ್ಲ. ಪಂಕ್ಚರ್ ಹಾಕುವುದನ್ನು ಐವತ್ತನೆಯ ವಯಸ್ಸಿನಲ್ಲಿ ಕಲಿತೆವು.

ಸಾಲ ಕೊಟ್ಟವರ ಕಣ್ಣು

ಸೈಕಲ್ ತುಳಿದದ್ದರಿಂದ ಬಂದ ಮೊದಲ ಕಷ್ಟ ಕಾಲಿಗಲ್ಲ, ಅಂಗಡಿಗೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, "ಇವರು ಕಾರು ಮಾರಿದ್ದಾರಂತೆ, ವ್ಯಾಪಾರ ಇಳಿದಿದೆಯಂತೆ" ಎಂಬ ಮಾತು ಪೇಟೆಯಲ್ಲಿ ಹಬ್ಬಿತು. ಯಾವಾಗಲೂ ಅರವತ್ತು ದಿನದ ಉದ್ದರಿ ಕೊಡುತ್ತಿದ್ದ ವ್ಯಾಪಾರಿಯೊಬ್ಬರು ಆ ಸಲ, "ಈ ಸಾರಿ ನಗದೇ ಆಗಲಿ" ಎಂದರು. ಉದ್ದರಿ ನಿಂತರೆ ವ್ಯಾಪಾರಸ್ಥನ ಉಸಿರೇ ನಿಂತಂತೆ. ದೀಪಾವಳಿಯ ಸರಕು ತುಂಬಿಸುವ ಹೊತ್ತು. ಮನೆಯವರು, "ಹಬ್ಬ ಕಳೆಯುವವರೆಗೆ ಸೈಕಲ್ ಬಿಡಿ, ಕಾರಿನಲ್ಲೇ ಹೋಗಿ ನಾಲ್ಕು ಜನರಿಗೆ ಕಾಣಿಸಿಕೊಳ್ಳಿ" ಎಂದರು. ಅವರು ಹೇಳಿದ್ದು ತಪ್ಪಲ್ಲ.

ಒಂದು ರಾತ್ರಿ ಯೋಚಿಸಿದೆವು. ಮರುದಿನ ಆ ವ್ಯಾಪಾರಿಯ ಅಂಗಡಿಗೆ ಸೈಕಲ್ಲಿನಲ್ಲೇ ಹೋಗಿ, ಬಾಕಿ ಇದ್ದ ಹಣವನ್ನು ಅವಧಿಗೆ ಮುಂಚೆಯೇ ಎಣಿಸಿಕೊಟ್ಟು, ಜೇಬಿನಲ್ಲಿದ್ದ ರಕ್ತಪರೀಕ್ಷೆಯ ಚೀಟಿಯನ್ನೂ ಮುಂದಿಟ್ಟೆವು. ಅವರು ಚೀಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮೇಜಿನ ಖಾನೆಯಿಂದ ತಮ್ಮದೇ ಚೀಟಿ ತೆಗೆದು ತೋರಿಸಿದರು. ಅವರ ಸಂಖ್ಯೆ ನಮ್ಮದಕ್ಕಿಂತ ಹೆಚ್ಚಿತ್ತು. ಉದ್ದರಿ ಮೊದಲಿನಂತಾಯಿತು. ಈಗ ಭಾನುವಾರಗಳಲ್ಲಿ ಅವರೂ ಬರುತ್ತಾರೆ.

ನಮ್ಮ ತಂದೆಯವರು ಈ ಅಂಗಡಿ ಕಟ್ಟಿದ್ದೇ ಅದೇ ಸೈಕಲ್ಲಿನಿಂದ. ಕ್ಯಾರಿಯರ್ ಮೇಲೆ ಸೀರೆಯ ಗಂಟು ಬಿಗಿದು ಹಳ್ಳಿಹಳ್ಳಿ ತಿರುಗಿ ಮಾರಿದವರು. ಇನ್ನೂ ಹಿಂದೆ ಹೋದರೆ, ಇಂದಿನ ಧರ್ಮಪುರಿ ತಗಡೂರಾಗಿದ್ದ ಕಾಲದಲ್ಲಿ, ಕ್ರಿ.ಶ. 893ರಲ್ಲಿ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ವರ್ತಕರ ಮಕ್ಕಳಿಬ್ಬರು ಅಲ್ಲಿ ಬಸದಿ ಕಟ್ಟಿಸಿದರೆಂದು ಕನ್ನಡ ಶಾಸನ ಹೇಳುತ್ತದೆ. ಅವರ ಕಾಲದಲ್ಲಿ ಸರಕು ಸಾಗುತ್ತಿದ್ದುದು ಹೇರೆತ್ತಿನ ಬೆನ್ನ ಮೇಲೆ. ಬೆವರಿ ದುಡಿದವರ ವಂಶದಲ್ಲಿ ಹುಟ್ಟಿ, ಬೆವರಿದರೆ ಮಾನ ಹೋಗುತ್ತದೆಂದು ನಾವು ತಿಳಿದದ್ದು ಎಂದಿನಿಂದಲೋ!

ಮಳೆ ಬಂದ ಮರುದಿನ

ಇಷ್ಟಾದರೂ ದೊಡ್ಡಮ್ಮನ ಪ್ರಶ್ನೆ ಉಳಿದೇ ಇತ್ತು. ಅದು ಚುಚ್ಚಿದ್ದು ಚಾತುರ್ಮಾಸದಲ್ಲಿ.

ರಾತ್ರಿಯೆಲ್ಲ ಮಳೆ ಸುರಿದ ಒಂದು ಬೆಳಿಗ್ಗೆ ಎಂದಿನಂತೆ ಏರಿಯ ಮೇಲೆ ಹೊರಟೆವು. ತಂಪು ಗಾಳಿ, ತುಂಬಿದ ನೀರು, ಮನಸ್ಸು ಹಗುರ. ಏರಿಯ ಕೊನೆಗೆ ಹೋಗಿ ತಿರುಗಿ ಬರುವಾಗ, ಹಸಿಮಣ್ಣಿನಲ್ಲಿ ನಮ್ಮದೇ ಚಕ್ರದ ಗುರುತು ಉದ್ದಕ್ಕೂ ಕಂಡಿತು. ಆ ಗುರುತಿನೊಳಗೆ ಎರಡು ಬಸವನಹುಳುಗಳು, ಒಂದು ಚೋರಟೆ, ಮಖಮಲ್ಲಿನಂಥ ಕೆಂಪು ಮಳೆಹುಳುಗಳು ಅರೆದುಹೋಗಿದ್ದವು. ಬೇರೆ ಯಾರ ಚಕ್ರವೂ ಆ ಬೆಳಿಗ್ಗೆ ಅಲ್ಲಿ ಹಾದಿರಲಿಲ್ಲ. ಕೆಳಗಿಳಿದೆವು. ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡು, ನೆಲ ನೋಡಿಕೊಂಡು ನಡೆದೆವು.

ಕಾರಿನಲ್ಲಿ ಹೋಗುವಾಗ ಇದಕ್ಕಿಂತ ಎಷ್ಟೋ ಹೆಚ್ಚು ಜೀವಿಗಳು ಸಾಯುತ್ತವೆ, ನಮಗೆ ಕಾಣುವುದಿಲ್ಲ ಅಷ್ಟೆ ಎಂದು ಮನಸ್ಸು ಸಮಾಧಾನ ಹೇಳಿತು. ಆದರೆ ಕಾಣದ್ದಕ್ಕೆ ಹೇಳುವ ಸಬೂಬನ್ನು ಕಂಡದ್ದಕ್ಕೆ ಹೇಳಲಾಗದು. ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಉದ್ದೇಶವಿಲ್ಲದೆ ತಿರುಗಾಡುವುದನ್ನೂ, ಇತರರನ್ನು ತಿರುಗಾಡಿಸುವುದನ್ನೂ ಪ್ರಮಾದಚರ್ಯೆ ಎಂದು ಎಣಿಸಿ ಅನರ್ಥದಂಡದಲ್ಲಿ ಸೇರಿಸಿದೆ. ದೊಡ್ಡಮ್ಮ ಕೇಳಿದ್ದು ಇದನ್ನೇ.

ಒಂದು ಸಣ್ಣ ಲೆಕ್ಕ ಮಾಡಿದೆವು. ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ ಒಂದು ಸೆಕೆಂಡಿಗೆ ಹದಿಮೂರು ಅಡಿಗೂ ಹೆಚ್ಚು ಓಡುತ್ತದೆ. ಅಂದರೆ ಆ ಆರು ಅಡಿ ಅರ್ಧ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಕಣ್ಣಿಗೆ ಬಿದ್ದು, ಬುದ್ಧಿಗೆ ತಿಳಿದು, ಕೈ ಬ್ರೇಕು ಹಿಡಿಯುವಷ್ಟರಲ್ಲಿ ಚಕ್ರ ದಾಟಿರುತ್ತದೆ. ಮಳೆಗಾಲದಲ್ಲಿ ಸಾಧುಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವುದರ ಅರ್ಥ ನಮಗೆ ಪ್ರವಚನದಲ್ಲಿ ತಿಳಿದದ್ದಕ್ಕಿಂತ ಆ ಏರಿಯ ಮೇಲೆ ಹೆಚ್ಚು ತಿಳಿಯಿತು.

ಹಾಗೆಂದು ಸೈಕಲ್ ಬಿಟ್ಟರೆ ಸಕ್ಕರೆ ಬಿಡುವುದಿಲ್ಲ. ಗೃಹಸ್ಥನಿಗೆ ಹೇಳಿರುವುದು ಅಣುವ್ರತ. ಪೂರ್ತಿ ಬಿಡಲಾಗದ್ದನ್ನು ಮಿತಿಗೆ ತರುವುದು. ದಿನದ ಸಂಚಾರಕ್ಕೆ ಎಲ್ಲೆ ಹಾಕಿಕೊಳ್ಳುವ ದೇಶವ್ರತವೂ ನಮ್ಮಲ್ಲಿದೆ. ಅದನ್ನೇ ಹಿಡಿದು ನಮ್ಮ ಕೂಟದವರು ಸೇರಿ ಕೆಲವು ಕಟ್ಟುಪಾಡು ಮಾಡಿಕೊಂಡೆವು.

ಚಾತುರ್ಮಾಸದಲ್ಲಿ ಏರಿಯ ಮೇಲೆ, ಮಣ್ಣುದಾರಿಯಲ್ಲಿ ಸೈಕಲ್ ಇಲ್ಲ. ಮಳೆಯ ಮರುದಿನ ಡಾಂಬರಿನ ಮೇಲೂ ಬೇಡ, ಮನೆಯ ಮೇಲ್ಮಾಳಿಗೆಯಲ್ಲೇ ವ್ಯಾಯಾಮ. ಉಳಿದ ದಿನ ನೆಲ ಸ್ಪಷ್ಟವಾಗಿ ಕಾಣುವಷ್ಟು ಬೆಳಕಾದ ಮೇಲೆಯೇ ಹೊರಡುವುದು. ಹೊರಡುವ ಮೊದಲೇ ಎಲ್ಲಿಯವರೆಗೆಂದು ನಿಶ್ಚಯಿಸಿ, ಅದನ್ನು ಮೀರದಿರುವುದು. ಸಂಜೆ ಹೋದರೆ ಊಟಕ್ಕೆ ಮುಂಚೆ ಮನೆ ಸೇರುವಂತೆ, ಅಂದರೆ ಸೂರ್ಯಾಸ್ತಕ್ಕೆ ಬಹಳ ಮೊದಲೇ ತಿರುಗುವುದು. ರಾತ್ರಿಭೋಜನ ತ್ಯಾಗವಿರುವ ಮನೆಯವರಿಗೆ ಇದು ಕಷ್ಟವೇ ಅಲ್ಲ. ಕತ್ತಲೆಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವೂ ತಪ್ಪುತ್ತದೆ.

ತಮ್ಮ ಜೀವದ ಕಡೆಗೂ ಅಹಿಂಸೆ ಇರಬೇಕು. ಆದ್ದರಿಂದ ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಎದ್ದುಕಾಣುವ ಬಣ್ಣದ ಅಂಗಿ. ಹೆದ್ದಾರಿಯಲ್ಲಿ ಇಬ್ಬರು ಜೊತೆಜೊತೆಯಾಗಿ ಮಾತಾಡಿಕೊಂಡು ಹೋಗಬಾರದು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಆರಂಭಿಸಬೇಕು, ಜೇಬಿನಲ್ಲಿ ಬೆಲ್ಲದ ತುಂಡು ಇಟ್ಟುಕೊಳ್ಳಬೇಕು. ಉಪವಾಸದ ದಿನ ಸೈಕಲ್ ಮುಟ್ಟಬಾರದು. ಸೋಸಿದ ನೀರಿನ ಬಾಟಲಿ ಮನೆಯಿಂದಲೇ ಇರಲಿ.

ದೊಡ್ಡಮ್ಮ ಕೊಟ್ಟ ಡಬ್ಬಿ

ಇಷ್ಟನ್ನೂ ಒಂದು ಸಂಜೆ ದೊಡ್ಡಮ್ಮನಿಗೆ ಹೇಳಿದೆವು. ಮಳೆಹುಳುಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಆರೋಗ್ಯಕ್ಕಾಗಿ ಹೋಗುವುದು ನಿಜ, ಆದರೆ ಬರೀ ಆರೋಗ್ಯಕ್ಕಲ್ಲ, ಬೆಳಗಿನ ಗಾಳಿಯಲ್ಲಿ ಹಾಗೆ ಹೋಗುವುದೇ ಒಂದು ಸಂತೋಷ ಎಂಬುದನ್ನೂ ಒಪ್ಪಿಕೊಂಡೆವು. ಅವರು ಜಪಮಾಲೆ ನಿಲ್ಲಿಸದೆ ಕೇಳಿದರು. "ಹುಳು ಕಂಡು ಕೆಳಗಿಳಿದೆಯಲ್ಲ, ಅದು ಸರಿ" ಎಂದರು. ಬೇರೇನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸೈಕಲ್ ಹೊರತೆಗೆಯುವಾಗ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಓಮಲೂರಿನಲ್ಲಿ ಹಾಸಿಗೆ ಹಿಡಿದಿರುವ ಅವರ ತಂಗಿಗೆ ಮಾಡಿದ ಹೆಸರುಕಾಳಿನ ಉಂಡೆ.

"ಹೇಗೂ ಹೋಗುತ್ತೀಯಲ್ಲ, ಇದನ್ನು ಕೊಟ್ಟು ಬಾ. ಅರ್ಥವಿಲ್ಲದೆ ತಿರುಗಿದ ಹಾಗೆ ಆಗುವುದಿಲ್ಲ."

ತಂದೆಯವರು ಸೀರೆಯ ಗಂಟು ಬಿಗಿಯುತ್ತಿದ್ದ ಅದೇ ಕ್ಯಾರಿಯರ್ ಮೇಲೆ ಡಬ್ಬಿಯನ್ನು ಕಟ್ಟಿಕೊಂಡು ಹೊರಟೆವು. ಚಿಕ್ಕಮ್ಮನವರು ಉಂಡೆ ಮುರಿದು ಅರ್ಧವನ್ನು ನಮಗೇ ಕೊಟ್ಟರು, ಅರ್ಧ ಗಂಟೆ ಊರ ಸುದ್ದಿ ಕೇಳಿದರು. ಈಗ ವಾರಕ್ಕೊಮ್ಮೆ ಆ ಡಬ್ಬಿ ತಪ್ಪದೆ ಹೋಗುತ್ತದೆ. ನಮ್ಮ ಕೂಟದ ಉಳಿದವರೂ ತಮ್ಮ ತಮ್ಮ ದಾರಿಯಲ್ಲಿ ಒಬ್ಬೊಬ್ಬ ಹಿರಿಯರ ಮನೆ ಹುಡುಕಿಕೊಂಡಿದ್ದಾರೆ.

ನಮ್ಮ ಸಕ್ಕರೆ ಪೂರ್ತಿ ಹೋಗಿಲ್ಲ, ಮಾತ್ರೆ ಅರ್ಧಕ್ಕೆ ಇಳಿದಿದೆ. ನಿಮ್ಮ ಉಗ್ರಾಣದಲ್ಲೂ ಒಂದು ಹಳೆಯ ಸೈಕಲ್ ಇರಬಹುದು. ಟಯರಿಗೆ ಗಾಳಿ ಹೊಡೆಯಿಸಿ ನೋಡಿ. ಯಾರ ಮನೆಗೆ ಹೋಗಬೇಕೆಂಬುದನ್ನು ಮಾತ್ರ ಮನೆಯ ಹಿರಿಯರನ್ನು ಕೇಳಿ ಹೊರಡಿ.

ಜೈ ಜಿನೇಂದ್ರ.