ಹುಲಿ ನೀರು ಕುಡಿದ ಕೆರೆ

ಮಂಗಳೂರು ಪೇಟೆಯಿಂದ ಹೊರಟರೆ ವಾಮಂಜೂರಿನಲ್ಲಿ ದಾರಿ ಕವಲೊಡೆಯುತ್ತದೆ. ಮೂಡುಬಿದಿರೆ ಹೆದ್ದಾರಿಯಲ್ಲೇ ಮುಂದುವರಿದರೆ ಕೆತ್ತಿಕಲ್. ರಸ್ತೆ ಅಗಲವಾಗಲೆಂದು ಕಡಿದ ಗುಡ್ಡ ಅಲ್ಲಿ ಕೆಂಪು ಮೈ ತೋರಿಸುತ್ತ ನಿಂತಿದೆ. ಎಡಕ್ಕೆ ಹೊರಳಿ ಮೂಡುಶೆಡ್ಡೆಯತ್ತ ಹೋದರೆ ಪಿಲಿಕುಳ. ಅದೇ ಮುರಕಲ್ಲಿನ ನೆಲ, ಅದೇ ಮಳೆ. ಇಲ್ಲಿ ಮಾತ್ರ ನೆಲ ಮರಗಳ ಅಡಿಯಲ್ಲಿ ತಣ್ಣಗಿದೆ.

ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೆರೆ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಜಾಗವೆಂದು ಊರವರು ಹೇಳುತ್ತ ಬಂದಿದ್ದಾರೆ. ಅದಕ್ಕೆ ಶಾಸನ ಕೇಳಬೇಡಿ. ಪಿಲಿಚಾಮುಂಡಿ ದೈವಕ್ಕೆ ನೇಮ ಕೊಡುವ, ನವರಾತ್ರಿ ಬಂತೆಂದರೆ ಮೈಗೆ ಬಣ್ಣ ಬಳಿದು ಹುಲಿಯಾಗಿ ಕುಣಿಯುವ ಸೀಮೆ ಇದು. ಕೆರೆಯ ಹೆಸರಷ್ಟೇ ಸಾಕು.

ಪೇಟೆಯಿಂದ ಸುಮಾರು 12 ಕಿ.ಮೀ. ದೂರದ ಈ ಜಾಗ ಸೈಟುಗಳಾಗಿ ಹಂಚಿಹೋಗಲಿಲ್ಲ. ಜಿಲ್ಲಾಡಳಿತ 1990ರ ದಶಕದಲ್ಲಿ ಇದನ್ನು ನಿಸರ್ಗಧಾಮವಾಗಿಸಲು ಹೊರಟಿತು. ಗುರುಪುರ ಹೊಳೆಯ ಬದಿಯ ಸುಮಾರು 370 ಎಕರೆಗೆ ಡಾ. ಶಿವರಾಮ ಕಾರಂತರ ಹೆಸರಿಟ್ಟರು. ಕಾಡು ಸುತ್ತಿ, ಯಕ್ಷಗಾನ ಕುಣಿದು, ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಬರೆದವರಿಗೆ ಈ ಜಾಗ ಒಪ್ಪುತ್ತದೆ. ಇಲ್ಲಿ ಮೃಗಾಲಯವಿದೆ, ಪಶ್ಚಿಮ ಘಟ್ಟದ ಮರಗಳ ಸಸ್ಯಕಾಶಿಯಿದೆ, ವಿಜ್ಞಾನ ಕೇಂದ್ರವಿದೆ, 2018ರಲ್ಲಿ ತೆರೆದ ತಾರಾಲಯವೂ ಇದೆ.

ಮೃಗಾಲಯದಲ್ಲಿ ಜನ ಹುಲಿಯ ಮುಂದೆ ಗುಂಪುಗೂಡುತ್ತಾರೆ. ನನಗೆ ಕಾಳಿಂಗವೇ ದೊಡ್ಡದು. ಹಾವುಗಳಲ್ಲಿ ಗೂಡು ಕಟ್ಟುವುದು ಅದೊಂದೇ. ಹೆಣ್ಣು ತನ್ನ ಮೈಯ ಸುರುಳಿಯಿಂದ ತರಗೆಲೆ ಎಳೆದು ಗುಡ್ಡೆ ಹಾಕಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುತ್ತದೆ. ಆ ಕೆಲಸಕ್ಕೆ ಅದಕ್ಕೆ ಬೇಕಾದದ್ದು ಎಲೆ ಉದುರಿಸುವ ಮರ ಮತ್ತು ಯಾರೂ ಕೆಣಕದ ಮೂಲೆ. ಪಿಲಿಕುಳದವರು ಇಲ್ಲಿ ಕಾಳಿಂಗದ ಮರಿ ಮಾಡಿಸಿದ್ದಾರೆ. ನಮ್ಮ ಜಿಲ್ಲೆಗೆ ಇದು ಸಣ್ಣ ಹೆಮ್ಮೆಯಲ್ಲ.

ನಿಸರ್ಗಧಾಮದೊಳಗಿನ ಗುತ್ತಿನ ಮನೆಯ ಚಾವಡಿಯಲ್ಲಿ ಮರದ ಕಂಬಕ್ಕೆ ಒರಗಿ ಒಂದಿಷ್ಟು ಹೊತ್ತು ಕೂರಬಹುದು. ಹತ್ತಿರದ ಕುಶಲಕರ್ಮಿಗಳ ಗ್ರಾಮದಲ್ಲಿ ಮಣ್ಣಿನ ಮಡಕೆ, ಬೆತ್ತದ ಬುಟ್ಟಿ, ಕೈಮಗ್ಗ, ಅವಲಕ್ಕಿ. ಮಕ್ಕಳು ಮೊಬೈಲ್ ಕೆಳಗಿಡುವುದು ಕುಂಬಾರನ ಚಕ್ರದ ಮುಂದೆ ಮಾತ್ರ.

ಆದರೆ ಒಂದೇ ಗುಡ್ಡದ ಮೇಲೆ ಎಷ್ಟನ್ನು ಹೇರುವುದು? ನೀರಾಟದ ಪಾರ್ಕು ಬಂತು, ಗಾಲ್ಫ್ ಮೈದಾನ ಬಂತು. ಮೃಗಾಲಯದ ಪಕ್ಕ ಕಂಬಳ ಬೇಕೇ ಎಂಬ ತಕರಾರು 2024ರಲ್ಲಿ ಹೈಕೋರ್ಟಿಗೂ ಹೋಯಿತು. ಕಂಬಳಕ್ಕೆ ಜಿಲ್ಲೆಯಲ್ಲಿ ಕೋಣ ಓಡಿಸುವ ಕರೆಗಳು ಬೇಕಾದಷ್ಟಿವೆ. ಪೇಟೆಯ ಇಷ್ಟು ಹತ್ತಿರ ಇಂಥ ಕಾಡು ಇನ್ನೊಂದಿಲ್ಲ. ಇನ್ನು ಹೊಸದೇನನ್ನೂ ಕಟ್ಟದಿರುವುದೇ ಪಿಲಿಕುಳಕ್ಕೆ ಮಾಡುವ ಉಪಕಾರ.

ಹೋಗುವವರು ಬೆಳಗ್ಗೆಯೇ ಹೋಗಿ, ಬಿಸಿಲೇರುವ ಮುನ್ನ ಕೆರೆಯ ಸುತ್ತ ಒಂದು ಸುತ್ತು ಹಾಕಿ. ಸೋಮವಾರ ಮೃಗಾಲಯಕ್ಕೆ ರಜೆ.